ಡಬ್ಬಿ ಮೇಲಿನ ಲ್ಯೂಮೆನ್ ನೋಡಿ ಟಾರ್ಚ್ ಕೊಳ್ಳಬೇಡಿ

ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆ ರಾತ್ರಿ ಹೊತ್ತು ಹೊಲದತ್ತ ನೋಡಿದರೆ ಅಲ್ಲೊಂದು ಇಲ್ಲೊಂದು ಟಾರ್ಚ್ ಬೆಳಕು ಓಡಾಡುತ್ತಿರುತ್ತದೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಪಾಳಿ ಮೇಲೆ ಬರುತ್ತದೆ. ಪಾಳಿ ರಾತ್ರಿ ಬಿದ್ದರೆ ರಾತ್ರಿಯೇ ಹೋಗಿ ಮೋಟಾರ್ ಹಾಕಬೇಕು, ಗೇಟ್‌ವಾಲ್ ತಿರುಗಿಸಬೇಕು, ಡ್ರಿಪ್ ಪೈಪ್ ಎಲ್ಲಾದರೂ ಕಿತ್ತುಕೊಂಡಿದೆಯಾ ನೋಡಬೇಕು. ರೇಷ್ಮೆ ಸಾಕುವ ಮನೆಗಳಲ್ಲಿ ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ರಾತ್ರಿಯೂ ಸೊಪ್ಪು ಹಾಕಬೇಕು. ಟೊಮೆಟೊ ಬೆಳೆದವರು ಬೆಳಕು ಹರಿಯುವ ಮೊದಲೇ ಕೋಲಾರದ ಮಾರುಕಟ್ಟೆಗೆ ಕ್ರೇಟ್ ತುಂಬಿಸಬೇಕು. ಕುಡುಗೋಲು, ಸನಿಕೆ, ಟಾರ್ಚ್ ಮೂರೂ ಇಲ್ಲಿ ದಿನಾ ಕೈಗೆ ಬೇಕಾದ ಸಾಮಾನೇ.

ಕುಡುಗೋಲು ಕೊಳ್ಳುವಾಗ ಅಲಗು ಮುಟ್ಟಿ ನೋಡುತ್ತೇವೆ, ಹಿಡಿ ಅಲುಗಾಡಿಸಿ ನೋಡುತ್ತೇವೆ. ಟಾರ್ಚ್ ವಿಷಯಕ್ಕೆ ಬಂದರೆ ಡಬ್ಬಿ ಮೇಲಿನ ದೊಡ್ಡ ನಂಬರ್ ನೋಡಿ ದುಡ್ಡು ಕೊಟ್ಟುಬಿಡುತ್ತೇವೆ. 10,000 ಲ್ಯೂಮೆನ್, 2 ಕಿಲೋಮೀಟರ್ ದೂರ, 9,900 ಎಂಎಎಚ್ ಬ್ಯಾಟರಿ (ಎಂಎಎಚ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ). ಬೆಲೆ ಮಾತ್ರ ನಾನ್ನೂರು ರೂಪಾಯಿ. ಆರು ತಿಂಗಳಲ್ಲಿ ಅದೇ ಟಾರ್ಚ್ ಮಂಕಾಗಿ ಮೂಲೆ ಸೇರುತ್ತದೆ, ಇನ್ನೊಂದು ಬರುತ್ತದೆ. ಹೀಗೆ ಎರಡು ವರ್ಷದಲ್ಲಿ ಕಳೆದುಕೊಳ್ಳುವ ದುಡ್ಡಿನಲ್ಲಿ ಐದಾರು ವರ್ಷ ಬಾಳುವ ಒಂದು ಟಾರ್ಚ್ ಬರುತ್ತದೆ. ಅದನ್ನು ಆರಿಸುವುದಕ್ಕೆ ಇಂಜಿನಿಯರ್ ಆಗಬೇಕಿಲ್ಲ. ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರ ಸಾಕು.

ಮೊದಲು ಲ್ಯೂಮೆನ್ ಲೆಕ್ಕ

ಟಾರ್ಚ್‌ನ ಬಾಯಿಂದ ಹೊರಗೆ ಬರುವ ಒಟ್ಟು ಬೆಳಕನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ. ಮನೆಗೆ ತರುವ 9 ವ್ಯಾಟ್ ಎಲ್‌ಇಡಿ ಬಲ್ಬ್‌ನ ಡಬ್ಬಿ ತಿರುಗಿಸಿ ನೋಡಿ, ಸುಮಾರು 900 ಲ್ಯೂಮೆನ್ ಎಂದು ಬರೆದಿರುತ್ತದೆ. ಅಂದರೆ ಒಂದು ವ್ಯಾಟ್‌ಗೆ ಹೆಚ್ಚುಕಮ್ಮಿ 100 ಲ್ಯೂಮೆನ್. ಒಳ್ಳೆಯ ಎಲ್‌ಇಡಿ ಆದರೆ 150ರ ತನಕ ಹೋಗಬಹುದು. ಅಂಗಡಿಯಲ್ಲಿ ನಿಂತು ಲೆಕ್ಕ ಹಾಕಲು 100 ಇಟ್ಟುಕೊಂಡರೆ ಸಾಕು.

ಈಗ 10,000 ಲ್ಯೂಮೆನ್ ಟಾರ್ಚ್ ತೆಗೆದುಕೊಳ್ಳಿ. ಅಷ್ಟು ಬೆಳಕಿಗೆ 100 ವ್ಯಾಟ್ ಬೇಕು. ಒಳಗಿರುವುದು 1,200 ಎಂಎಎಚ್‌ನ ಒಂದು ಲಿಥಿಯಂ ಸೆಲ್ ಅಂದುಕೊಳ್ಳೋಣ. ಅದರ ವೋಲ್ಟೇಜ್ 3.7. 1,200 ಅನ್ನು 1,000ದಿಂದ ಭಾಗಿಸಿ 3.7ರಿಂದ ಗುಣಿಸಿದರೆ 4.4 ವ್ಯಾಟ್-ಅವರ್ ಶಕ್ತಿ. 100 ವ್ಯಾಟ್‌ನಂತೆ ಖರ್ಚು ಮಾಡಿದರೆ ಮೂರು ನಿಮಿಷವೂ ಬಾಳುವುದಿಲ್ಲ. ಆದರೆ ಆ ಟಾರ್ಚ್ ಎರಡು ಗಂಟೆ ಉರಿಯುತ್ತದೆ ಎಂದು ಅದೇ ಡಬ್ಬಿಯಲ್ಲಿ ಬರೆದಿರುತ್ತಾರೆ. ಎರಡು ಗಂಟೆ ಉರಿಯುತ್ತದೆ ಅಂದರೆ ಅದು ತಿನ್ನುತ್ತಿರುವುದು ಸುಮಾರು 2 ವ್ಯಾಟ್, ಕೊಡುತ್ತಿರುವುದು 200 ಲ್ಯೂಮೆನ್ ಆಸುಪಾಸು. ಡಬ್ಬಿಯ ಎರಡು ನಂಬರ್‌ಗಳೇ ಒಂದನ್ನೊಂದು ಸುಳ್ಳು ಮಾಡುತ್ತವೆ.

ಈ ಲೆಕ್ಕ ಗೊತ್ತಿದ್ದರೆ ಯಾರೂ ನಿಮಗೆ ಟೋಪಿ ಹಾಕಲು ಆಗುವುದಿಲ್ಲ. ಬ್ಯಾಟರಿಯ ಎಂಎಎಚ್ ಅನ್ನು 1,000ದಿಂದ ಭಾಗಿಸಿ, 3.7ರಿಂದ ಗುಣಿಸಿ, ಬಂದ ಉತ್ತರವನ್ನು 100ರಿಂದ ಗುಣಿಸಿ. ಅಷ್ಟು ಲ್ಯೂಮೆನ್‌ನಲ್ಲಿ ಟಾರ್ಚ್ ಒಂದು ಗಂಟೆ ಉರಿಯುತ್ತದೆ. ಅದರ ಅರ್ಧ ಬೆಳಕಿನಲ್ಲಿ ಎರಡು ಗಂಟೆ. 2,600 ಎಂಎಎಚ್‌ನ ಅಸಲಿ ಸೆಲ್ ಇದ್ದರೆ 960 ಬರುತ್ತದೆ. ಅಂದರೆ 500 ಲ್ಯೂಮೆನ್‌ನಲ್ಲಿ ಎರಡು ಗಂಟೆಗೆ ಸ್ವಲ್ಪ ಕಡಿಮೆ, 150 ಲ್ಯೂಮೆನ್‌ನಲ್ಲಿ ಸುಮಾರು ಆರು ಗಂಟೆ.

ಹಾಗಾದರೆ ಎಷ್ಟು ಬೇಕು? ಎರಡು ದಪ್ಪ ಸೆಲ್ ಹಾಕುತ್ತಿದ್ದ ಹಳೆಯ ತಗಡಿನ ಟಾರ್ಚ್ ನೆನಪಿದೆಯಲ್ವಾ? ಅದರ ಬಲ್ಬ್ ಕೊಡುತ್ತಿದ್ದದ್ದು ಹತ್ತು ಹದಿನೈದು ಲ್ಯೂಮೆನ್. ನಮ್ಮ ಹಿರಿಯರು ಅದೇ ಬೆಳಕಿನಲ್ಲಿ ಕೆರೆ ಏರಿ ದಾಟಿ ಹೋಗಿ ನೀರು ಕಟ್ಟಿ ಬರುತ್ತಿದ್ದರು. ಹೊಲದ ಬದುವಿನ ಮೇಲೆ ನಡೆಯಲು 50ರಿಂದ 100 ಲ್ಯೂಮೆನ್ ಧಾರಾಳವಾಯಿತು. ಸದ್ದು ಬಂದ ಕಡೆ ನೋಡಲು, ತೋಟದ ಆ ಕೊನೆ ನೋಡಲು 300ರಿಂದ 500. ಅದಕ್ಕಿಂತ ಜಾಸ್ತಿ ಬೇಕಾಗುವ ಕೆಲಸ ಬೇಸಾಯದಲ್ಲಿ ಕಡಿಮೆ.

ಇನ್ನೊಂದು ವಿಷಯ. ಲ್ಯೂಮೆನ್ ಎರಡು ಪಟ್ಟು ಆದ ಮಾತ್ರಕ್ಕೆ ಕಣ್ಣಿಗೆ ಎರಡು ಪಟ್ಟು ಕಾಣುವುದಿಲ್ಲ. ಬೆಳಕು ದುಪ್ಪಟ್ಟಾದಂತೆ ಅನ್ನಿಸಬೇಕಾದರೆ ಲ್ಯೂಮೆನ್ ಹೆಚ್ಚುಕಮ್ಮಿ ನಾಲ್ಕು ಪಟ್ಟು ಆಗಬೇಕು. 300ರ ಟಾರ್ಚ್‌ಗೂ 400ರ ಟಾರ್ಚ್‌ಗೂ ಅಕ್ಕಪಕ್ಕ ಇಟ್ಟರೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಆ 100 ಲ್ಯೂಮೆನ್‌ಗೋಸ್ಕರ ಇನ್ನೂರು ರೂಪಾಯಿ ಜಾಸ್ತಿ ಕೊಡುವುದು ದಂಡ.

ಬೆಳಕು ಎಲ್ಲಿ ಬೀಳುತ್ತದೆ?

ನನ್ನ ಪ್ರಕಾರ ಇದೇ ಮುಖ್ಯ. ಹೊಲಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ದೂರ ಚಿಮ್ಮುತ್ತದೆ, ಬೆರಳು ತೆಗೆದರೆ ಕಾಲ ಬುಡದಲ್ಲೇ ಹರಡುತ್ತದೆ. ನೀರು ಅಷ್ಟೇ. ಬೆಳಕಿನ ಕಥೆಯೂ ಹಾಗೆಯೇ. ಒಟ್ಟು ಬೆಳಕು ಲ್ಯೂಮೆನ್ ಆದರೆ, ಅದು ಒಂದು ಕಡೆಗೆ ಎಷ್ಟು ಬಿಗಿಯಾಗಿ ಹೊರಟಿದೆ ಅನ್ನುವುದನ್ನು ಕ್ಯಾಂಡೆಲಾ ಎಂದು ಅಳೆಯುತ್ತಾರೆ. ದೂರ ಹೋಗುವುದು ಕ್ಯಾಂಡೆಲಾದಿಂದ.

ಟಾರ್ಚ್‌ಗಳನ್ನು ಅಳೆಯಲು ಅಮೆರಿಕದಲ್ಲಿ 2009ರಲ್ಲಿ ಎಫ್‌ಎಲ್ 1 ಎಂಬ ಮಾನದಂಡ ಮಾಡಿದರು. ಒಳ್ಳೆಯ ಕಂಪನಿಗಳು ಜಗತ್ತಿನ ಎಲ್ಲ ಕಡೆ ಅದನ್ನೇ ಡಬ್ಬಿಯ ಮೇಲೆ ಹಾಕುತ್ತವೆ. ಅದರ ಪ್ರಕಾರ ಟಾರ್ಚ್‌ನ ದೂರ ಅಂದರೆ, ಬೆಳಕು ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಇಳಿಯುವ ಜಾಗ. ಲೆಕ್ಕದಲ್ಲಿ 0.25 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). 2,500 ಕ್ಯಾಂಡೆಲಾ ಇದ್ದರೆ 100 ಮೀಟರ್. 200 ಮೀಟರ್ ಬೇಕಾದರೆ 5,000 ಸಾಲದು, 10,000 ಬೇಕು. ದೂರ ಎರಡು ಪಟ್ಟಾದರೆ ಬೆಳಕಿನ ಬಿಗಿ ನಾಲ್ಕು ಪಟ್ಟಾಗಬೇಕು. 2 ಕಿಲೋಮೀಟರ್ ಅಂದರೆ 10 ಲಕ್ಷ ಕ್ಯಾಂಡೆಲಾ! ಅಂಗೈಯಲ್ಲಿ ಹಿಡಿಯುವ ನಾನ್ನೂರು ರೂಪಾಯಿ ಟಾರ್ಚ್‌ನಿಂದ ಅದು ಆಗುವ ಮಾತಲ್ಲ.

ಬೆಳದಿಂಗಳಿನಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಡಬ್ಬಿಯಲ್ಲಿ 200 ಮೀಟರ್ ಎಂದಿದ್ದರೆ, ಅದು ಸತ್ಯವೇ ಆದರೂ, ಕಣ್ಣಿಗೆ ಸರಿಯಾಗಿ ಕಾಣುವುದು 100 ಮೀಟರ್‌ವರೆಗೆ ಎಂದು ಇಟ್ಟುಕೊಳ್ಳಿ.

ಈಗ ನಮ್ಮ ಕೆಲಸಕ್ಕೆ ಬರೋಣ. ಮೋಟಾರ್ ಹಾಕಲು ಹೋಗುವವರಿಗೆ ರಾತ್ರಿ ದೊಡ್ಡ ಭಯ ಯಾವುದು? ಹಾವು. ಕೊಳಕುಮಂಡಲ ಒಣಗಿದ ಎಲೆಗಳ ನಡುವೆ ಎಲೆಯ ಬಣ್ಣದಲ್ಲೇ ಬಿದ್ದಿರುತ್ತದೆ. ಕಟ್ಟುಹಾವು ಓಡಾಡುವುದೇ ರಾತ್ರಿ. ಇವು ಇರುವುದು ನಿಮ್ಮ ಕಾಲಿನಿಂದ ಎರಡು ಮೂರು ಮೀಟರ್ ಒಳಗೆ. ಅಲ್ಲಿ ಬೇಕಾದದ್ದು ಅಗಲವಾಗಿ, ಸಮವಾಗಿ ಹರಡಿದ ಬೆಳಕು. ದೂರ ಹೊಡೆಯುವ ಕಿರಿದಾದ ಬೆಳಕಿನ ಟಾರ್ಚ್ ಹಿಡಿದರೆ ಮುಂದೆ ಒಂದು ಬಿಳಿ ವೃತ್ತ ಕಾಣುತ್ತದೆ, ಅದರ ಸುತ್ತ ಪೂರ್ತಿ ಕತ್ತಲು. ಆ ಬಿಳಿ ವೃತ್ತದ ಹೊಳಪಿಗೆ ಕಣ್ಣು ಹೊಂದಿಕೊಂಡುಬಿಟ್ಟಿರುವುದರಿಂದ ಪಕ್ಕದ ಕತ್ತಲು ಇನ್ನೂ ಕಪ್ಪಾಗಿ ಕಾಣುತ್ತದೆ. ಕಾಲಿಡುವ ಜಾಗವೇ ಆ ಕತ್ತಲಲ್ಲಿ ಇರುತ್ತದೆ. ಹಾಗಾಗಿ ಹೆಚ್ಚು ಪ್ರಕಾಶದ ಟಾರ್ಚ್ ಇದ್ದವರೂ ಹಾವಿನ ಮೇಲೆ ಕಾಲಿಡಬಹುದು.

ಚಿರತೆಯ ವಿಷಯ ಇದಕ್ಕೆ ಉಲ್ಟಾ. ನಂದಿ ಬೆಟ್ಟದ ಸುತ್ತಮುತ್ತಲಿನ ಊರುಗಳಲ್ಲಿ ಅದರ ಭಯ ಇದೆ. ಅಲ್ಲಿ ದೂರದಲ್ಲೇ ಗೊತ್ತಾಗಬೇಕು. ಚಿರತೆ, ನಾಯಿ, ದನ, ಬೆಕ್ಕು ಇವುಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿ ತರಹದ ಪದರ ಇರುತ್ತದೆ. ಬಿದ್ದ ಬೆಳಕನ್ನು ಅದು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಬಂದ ದಾರಿಗೇ ಅಂದೆನಲ್ವಾ, ಆದ್ದರಿಂದ ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಆ ಹೊಳಪು ನಿಮ್ಮ ಸೊಂಟಕ್ಕೆ ಬರುತ್ತದೆ, ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಕೆನ್ನೆಯ ಪಕ್ಕ, ಕಣ್ಣಿನ ಮಟ್ಟದಲ್ಲಿ ಹಿಡಿದು ನಿಧಾನವಾಗಿ ತೋಟದ ಅಂಚಿನುದ್ದಕ್ಕೂ ತಿರುಗಿಸಿದರೆ ಎರಡು ಹೊಳೆಯುವ ಚುಕ್ಕೆಗಳು ಎದ್ದು ಕಾಣುತ್ತವೆ. ಹಾವಿನ ಕಣ್ಣು ಹಾಗೆ ಹೊಳೆಯುವುದಿಲ್ಲ. ಹಾಗಾಗಿ ಹಾವಿಗೆ ಹರಡುವ ಬೆಳಕು, ಚಿರತೆಗೆ ದೂರದ ಬೆಳಕು.

ಒಂದೇ ಟಾರ್ಚ್‌ನಲ್ಲಿ ಎರಡೂ ಬೇಕು ಅಂದರೆ ಗಾಜಿನ ಹಿಂದೆ ಬೋಗುಣಿ ಆಕಾರದ ರಿಫ್ಲೆಕ್ಟರ್ ಇರುವುದನ್ನು ತೆಗೆದುಕೊಳ್ಳಿ. ನಡುವೆ ಹೊಳಪಿನ ಚುಕ್ಕೆ, ಸುತ್ತ ಅಗಲವಾದ ಮೆಲು ಬೆಳಕು, ಎರಡೂ ಒಟ್ಟಿಗೆ ಸಿಗುತ್ತವೆ. ತಲೆ ಎಳೆದು ತಳ್ಳುವ ಜೂಮ್ ಟಾರ್ಚ್‌ಗಳು ನಮ್ಮ ಸಂತೆಗಳಲ್ಲಿ ಜಾಸ್ತಿ ಮಾರಾಟ ಆಗುತ್ತವೆ. ಅವುಗಳಲ್ಲಿ ಒಂದು ಸಲಕ್ಕೆ ಒಂದೇ ತರಹದ ಬೆಳಕು. ದೂರಕ್ಕೆ ಎಳೆದಾಗ ಎಲ್‌ಇಡಿಯ ಚೌಕವೇ ಗೋಡೆ ಮೇಲೆ ಮೂಡುತ್ತದೆ, ಲೆನ್ಸ್‌ಗೆ ತಾಗದ ಬೆಳಕು ಒಳಗೇ ವ್ಯರ್ಥವಾಗುತ್ತದೆ. ಜಾರುವ ಆ ಸಂದಿಯಿಂದ ಮಳೆನೀರೂ ಒಳಗೆ ಹೋಗುತ್ತದೆ. ನಾನಂತೂ ಹೊಲದ ಕೆಲಸಕ್ಕೆ ಜೂಮ್ ಬೇಡ ಅನ್ನುತ್ತೇನೆ.

ಚಳಿಗಾಲದಲ್ಲಿ ಚಿಕ್ಕಬಳ್ಳಾಪುರದ ಕಡೆ ಮಂಜು ಕವಿದಾಗ ಟಾರ್ಚ್ ಹಾಕಿದರೆ ಎದುರಿಗೆ ಬಿಳಿ ಗೋಡೆ ನಿಂತ ಹಾಗಾಗುತ್ತದೆ. ಜಾಸ್ತಿ ಬೆಳಕು ಹಾಕಿದಷ್ಟೂ ಗೋಡೆ ಬೆಳ್ಳಗಾಗುತ್ತದೆ. ಆಗ ಬೆಳಕು ಕಡಿಮೆ ಮಾಡಿ, ಟಾರ್ಚನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಹಿಡಿಯಿರಿ. ಮಂಜಿನ ಹನಿಗಳಿಗೆ ತಾಗಿ ವಾಪಸ್ ಬರುವ ಬೆಳಕು ಕಣ್ಣಿಗೆ ಅಷ್ಟು ಹೊಡೆಯುವುದಿಲ್ಲ.

ಬೆಳಕಿನ ಬಣ್ಣ

ಟಾರ್ಚ್ ಆಫ್ ಮಾಡಿ ಗಾಜಿನೊಳಗೆ ನೋಡಿ. ನಡುವೆ ಹಳದಿ ಚುಕ್ಕೆ ಕಾಣುತ್ತದೆ. ಬಿಳಿ ಬೆಳಕು ಕೊಡುವ ಎಲ್‌ಇಡಿ ಹಳದಿ ಯಾಕೆ? ಒಳಗಿನ ಚಿಪ್ ಉರಿಯುವುದು ನೀಲಿ ಬಣ್ಣದಲ್ಲಿ. ಮೇಲೆ ಬಳಿದ ಹಳದಿ ಪುಡಿ ಆ ನೀಲಿಯ ಒಂದು ಪಾಲನ್ನು ಹಳದಿಗೆ ತಿರುಗಿಸುತ್ತದೆ. ಎರಡೂ ಸೇರಿ ಬಿಳಿ ಆಗುತ್ತದೆ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕೇ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಎಲ್‌ಇಡಿ ಸಿಗುವ ತನಕ ಬಿಳಿ ಎಲ್‌ಇಡಿ ಟಾರ್ಚ್ ಮಾಡುವ ದಾರಿಯೇ ಇರಲಿಲ್ಲ.

ಅಗ್ಗದ ಟಾರ್ಚ್‌ಗಳಲ್ಲಿ ಪುಡಿ ತೆಳುವಾಗಿರುತ್ತದೆ. ನೀಲಿ ಜಾಸ್ತಿ, ಕೆಂಪು ತೀರಾ ಕಡಿಮೆ. ಅಂಥ ಬೆಳಕಿನಲ್ಲಿ ಕೆಂಪು, ಕಂದು, ಹಳದಿ ಎಲ್ಲ ಒಂದೇ ತರಹ ಬೂದು ಬೂದಾಗಿ ಕಾಣುತ್ತವೆ. ಸ್ಟಾರ್ಟರ್ ಡಬ್ಬಿ ತೆರೆದಾಗ ಕೆಂಪು, ಹಳದಿ, ನೀಲಿ ವೈರ್‌ಗಳು ಸ್ಪಷ್ಟವಾಗಿ ಬೇರೆ ಬೇರೆ ಕಾಣಬೇಕು. ಒಣ ಎಲೆ ಯಾವುದು, ಮಂಡಲ ಯಾವುದು ಎಂದು ಕಾಣಬೇಕು. ರೇಷ್ಮೆ ಮನೆಯಲ್ಲಂತೂ ಇದು ಇನ್ನೂ ಮುಖ್ಯ. ಹುಳ ಹಣ್ಣಾದಾಗ ಮೈ ಹಳದಿ ತಿರುಗಿ ಒಳಗಿನಿಂದ ತಿಳಿಯಾಗುತ್ತದೆ. ಆ ಬಣ್ಣ ನೋಡಿಯೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ನೀಲಿ ಮಿಶ್ರಿತ ಬೆಳಕಿನಲ್ಲಿ ಹಣ್ಣು ಹುಳಕ್ಕೂ ಇನ್ನೂ ಸೊಪ್ಪು ತಿನ್ನುವ ಹುಳಕ್ಕೂ ಇರುವ ಈ ಸಣ್ಣ ವ್ಯತ್ಯಾಸ ಮಾಸಿಹೋಗುತ್ತದೆ.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 6,500 ಅಂದರೆ ನೀಲಿ ಬಿಳುಪು, 3,000 ಅಂದರೆ ಹಳೆ ಬಲ್ಬ್‌ನ ಹಳದಿ. 4,000ದಿಂದ 5,000 ನಮ್ಮ ಕೆಲಸಕ್ಕೆ ಹದವಾದದ್ದು. ಸಿಆರ್‌ಐ ಎಂಬ ಇನ್ನೊಂದು ನಂಬರ್ ಇರುತ್ತದೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ ಅದು. ಸೂರ್ಯನ ಬೆಳಕು 100. ಸಾಮಾನ್ಯ ಟಾರ್ಚ್ 70. 90 ಇರುವುದು ಸಿಕ್ಕಿದರೆ ಲ್ಯೂಮೆನ್ ಸ್ವಲ್ಪ ಕಡಿಮೆ ಇದ್ದರೂ ಅದನ್ನೇ ತನ್ನಿ. ಡಬ್ಬಿಯಲ್ಲಿ ಬರೆದಿಲ್ಲದಿದ್ದರೆ ಅಂಗಡಿಯಲ್ಲೇ ನಿಮ್ಮ ಅಂಗೈ ಮೇಲೆ ಬೆಳಕು ಬಿಟ್ಟು ನೋಡಿ. ಅಂಗೈ ಕೆಂಪು ಕೆಂಪಾಗಿ ಕಂಡರೆ ಒಳ್ಳೆಯದು. ಹೆಣದ ಬಣ್ಣಕ್ಕೆ ತಿರುಗಿದರೆ ಬೇಡ. ಹಳದಿ ಕಡೆಗಿರುವ ಬೆಳಕಿಗೆ ಹುಳಹುಪ್ಪಟೆ ಮುತ್ತುವುದೂ ಕಡಿಮೆ.

ಬ್ಯಾಟರಿಯೇ ಟಾರ್ಚ್‌ನ ಆಯಸ್ಸು

ಎಲ್‌ಇಡಿ ಸುಲಭವಾಗಿ ಹಾಳಾಗುವುದಿಲ್ಲ. ಮೂಲೆ ಸೇರುವ ಟಾರ್ಚ್‌ಗಳಲ್ಲಿ ಹೆಚ್ಚಿನವು ಬ್ಯಾಟರಿ ಸತ್ತು ಸೇರುವಂಥವು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಹಿಂದೆ ಎರಡು ಪಿನ್ ಹೊರಗೆ ಎಳೆದು ನೇರ ಗೋಡೆಯ ಪ್ಲಗ್‌ಗೆ ಚುಚ್ಚುವ ಪ್ಲಾಸ್ಟಿಕ್ ಟಾರ್ಚ್‌ಗಳು ಹಳ್ಳಿಗಳಲ್ಲಿ ತುಂಬ ಇವೆ. ಅವುಗಳಲ್ಲಿ ಎಷ್ಟೋ ಕಡೆ ಇರುವುದು 4 ವೋಲ್ಟ್‌ನ ಸಣ್ಣ ಲೆಡ್ ಆಸಿಡ್ ಬ್ಯಾಟರಿ. ಯುಪಿಎಸ್ ಬ್ಯಾಟರಿಯ ಜಾತಿಯದೇ. ಇದರ ಗುಣ ಏನೆಂದರೆ, ಪೂರ್ತಿ ಖಾಲಿ ಮಾಡಿ ಹಾಗೇ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಹಿಡಿಯುವುದಿಲ್ಲ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಹಾಕಬೇಕು. ಬೇಸಿಗೆಯಲ್ಲಿ ಮೂರು ತಿಂಗಳು ಅಟ್ಟದ ಮೇಲಿಟ್ಟು ಮಳೆಗಾಲಕ್ಕೆ ತೆಗೆದರೆ ಹತ್ತದೇ ಇರುವುದು ಇದಕ್ಕೇ.

ಅದಕ್ಕಿಂತ ಮುಖ್ಯವಾದ ಮಾತು ಜೀವದ್ದು. ಈ ಅಗ್ಗದ ಟಾರ್ಚ್‌ಗಳೊಳಗೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್ ಮೂಲಕ 230 ವೋಲ್ಟ್ ಲೈನಿಗೇ ಒಳಗಿನ ಸರ್ಕ್ಯೂಟ್ ಸೇರಿಕೊಂಡಿರುತ್ತದೆ. ಚಾರ್ಜ್ ಆಗುವಾಗ ಒಳಗಿನ ಯಾವ ತಂತಿ, ಯಾವ ಲೋಹ ಮುಟ್ಟಿದರೂ ಶಾಕ್ ಹೊಡೆಯಬಹುದು. ಚಾರ್ಜ್‌ಗೆ ಹಾಕಿ ಹಾಗೇ ಉರಿಸಬೇಡಿ. ಪ್ಲಾಸ್ಟಿಕ್ ಸೀಳಿದ್ದರೆ ಟೇಪ್ ಸುತ್ತಿ ಮುಂದುವರಿಸಬೇಡಿ, ಎಸೆದುಬಿಡಿ. ಒದ್ದೆ ಕೈಯಲ್ಲಿ ಪ್ಲಗ್‌ಗೆ ಚುಚ್ಚಬೇಡಿ. ಮಕ್ಕಳ ಕೈಗಂತೂ ಬೇಡವೇ ಬೇಡ. ಮೊಬೈಲ್ ಚಾರ್ಜರ್‌ನಿಂದ ಯುಎಸ್‌ಬಿ ಮೂಲಕ ಚಾರ್ಜ್ ಆಗುವ ಟಾರ್ಚ್‌ನಲ್ಲಿ ಈ ಅಪಾಯ ಇಲ್ಲ. ಒಳ್ಳೆಯ ಮೊಬೈಲ್ ಚಾರ್ಜರ್ 230 ವೋಲ್ಟನ್ನು ಬೇರ್ಪಡಿಸಿ 5 ವೋಲ್ಟ್ ಮಾತ್ರ ಆಚೆ ಕಳಿಸುತ್ತದೆ. ಈಗ ಹೊಸದಾಗಿ ಕೊಳ್ಳುವವರು ಯುಎಸ್‌ಬಿಯದೇ ಕೊಳ್ಳಿ. ಬೆಲೆ ನೂರಿನ್ನೂರು ಹೆಚ್ಚಾದರೂ ಸರಿ.

ಯುಎಸ್‌ಬಿ ಟಾರ್ಚ್‌ಗಳಲ್ಲಿ ಇರುವುದು ಲಿಥಿಯಂ ಸೆಲ್. ಹೆಚ್ಚಾಗಿ 18650 ಎಂಬ ಅಳತೆಯದು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅಂದರೆ ಉರುಳೆ ಆಕಾರ. ಈ ಅಳತೆಯಲ್ಲಿ ಒಳ್ಳೆ ಕಂಪನಿಗಳ ಸೆಲ್‌ನಲ್ಲೂ ಸಾಮಾನ್ಯವಾಗಿ 3,500ರಿಂದ 3,600 ಎಂಎಎಚ್‌ಗಿಂತ ಜಾಸ್ತಿ ಇರುವುದಿಲ್ಲ. ಆದ್ದರಿಂದ ಸೆಲ್ ಮೇಲೆ 5,800, 9,900 ಎಂದು ಬರೆದಿದ್ದರೆ ಅದು ನಕಲಿ ಎಂದು ಕಣ್ಣು ಮುಚ್ಚಿ ಹೇಳಬಹುದು. ಅನುಮಾನ ಇದ್ದರೆ ತೂಕ ಮಾಡಿ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಸಾಕು. ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ಮೂವತ್ತು ಗ್ರಾಂ ತೋರಿಸಿದರೆ ಒಳಗೆ ಮಾಲು ಕಡಿಮೆ ಹಾಕಿದ್ದಾರೆ ಎಂದೇ ಲೆಕ್ಕ. ಕೆಲವು ನಕಲಿಗಳಲ್ಲಿ ದೊಡ್ಡ ಡಬ್ಬಿಯೊಳಗೆ ಸಣ್ಣ ಸೆಲ್ ಕೂರಿಸಿರುತ್ತಾರೆ.

ನಮ್ಮ ದೇಶದಲ್ಲಿ ಇಂಥ ಲಿಥಿಯಂ ಸೆಲ್ ಮಾರಬೇಕಾದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಸೆಲ್ ಅಥವಾ ಡಬ್ಬಿ ಮೇಲೆ ಐಎಸ್ 16046 ಎಂದೂ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಅಂಗಡಿ ಮುಂದೆ ನಿಂತೇ ನೋಡಬಹುದು, ಒಂದು ನಿಮಿಷದ ಕೆಲಸ.

ಸೆಲ್ ಬಿಚ್ಚಿ ತೆಗೆಯುವ ಹಾಗಿರಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಒಳಗೇ ಬೆಸುಗೆ ಹಾಕಿ ಅಂಟಿಸಿದ ಟಾರ್ಚ್‌ನಲ್ಲಿ ಬ್ಯಾಟರಿ ಸತ್ತರೆ ಟಾರ್ಚೇ ಸತ್ತಂತೆ. ಹಿಂದಿನ ಮುಚ್ಚಳ ತಿರುಗಿಸಿದರೆ ಸೆಲ್ ಹೊರಗೆ ಬರುವಂತಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಹೊಸ ಸೆಲ್ ಹಾಕಿದರೆ ಮುಗಿಯಿತು. ಬದಲಿ ಸೆಲ್ ತರುವಾಗ ಹಳೆಯದನ್ನು ಜೊತೆಗೆ ತೆಗೆದುಕೊಂಡು ಹೋಗಿ. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ ಮೂರು ನಾಲ್ಕು ಮಿಲಿಮೀಟರ್ ಉದ್ದ ಜಾಸ್ತಿ ಇರುತ್ತದೆ, ಕೆಲವು ಟಾರ್ಚ್‌ಗಳಲ್ಲಿ ಮುಚ್ಚಳ ಕೂರುವುದಿಲ್ಲ. ಕೆಲವಕ್ಕೆ ಮೇಲೆ ಗುಬ್ಬಿ ಇರುವ ಸೆಲ್ಲೇ ಬೇಕು, ಚಪ್ಪಟೆ ತಲೆಯದು ನಡೆಯುವುದಿಲ್ಲ.

ಟೈಪ್-ಸಿ ಇದ್ದರೂ ಒಂದು ಪರೀಕ್ಷೆ ಮಾಡಿ. ಅಗ್ಗದ ಕೆಲವು ಟಾರ್ಚ್‌ಗಳಲ್ಲಿ ಎರಡು ಸಣ್ಣ ರೆಸಿಸ್ಟರ್ ಉಳಿಸಲು ಹೋಗಿ, ಎರಡೂ ತುದಿ ಟೈಪ್-ಸಿ ಇರುವ ಹೊಸ ಕೇಬಲ್‌ನಲ್ಲಿ ಚಾರ್ಜ್ ಆಗದ ಹಾಗೆ ಮಾಡಿಟ್ಟಿರುತ್ತಾರೆ. ಹಳೆ ಚೌಕದ ಯುಎಸ್‌ಬಿ ಕೇಬಲ್‌ನಲ್ಲಿ ಮಾತ್ರ ಆಗುತ್ತದೆ. ಮನೆಗೆ ಬಂದು ಟಾರ್ಚೇ ಕೆಟ್ಟಿದೆ ಎಂದು ಅಂದುಕೊಳ್ಳುವ ಮೊದಲು ಕೇಬಲ್ ಬದಲಿಸಿ ನೋಡಿ.

ತಿಂಗಳಿಗೊಮ್ಮೆ ಮಾತ್ರ ಬಳಸುವ ಮನೆಗಳಿಗೆ ಸಾಮಾನ್ಯ ಎಎ ಸೆಲ್‌ನ ಸಣ್ಣ ಟಾರ್ಚ್ ಸಾಕು. ಬಳಸದಾಗ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಸೋರಿ ಒಳಗಿನ ಸ್ಪ್ರಿಂಗ್ ತಿಂದುಬಿಡುತ್ತದೆ.

ಬಿಸಿ, ನೀರು, ಸ್ವಿಚ್ಚು

ಎಲ್‌ಇಡಿ ತಣ್ಣಗಿರುತ್ತದೆ ಎಂದು ನಂಬುವವರಿದ್ದಾರೆ. ಅದು ತಿನ್ನುವ ಕರೆಂಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿಯೇ ಹೋಗುತ್ತದೆ. ಆ ಬಿಸಿ ಹೊರಗೆ ಹೋಗಲು ಲೋಹದ ಮೈ ಬೇಕು. ಅಲ್ಯೂಮಿನಿಯಂ ಮೈಯ ಟಾರ್ಚ್ ಐದು ನಿಮಿಷದಲ್ಲಿ ಕೈಗೆ ಬೆಚ್ಚಗಾದರೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಅರ್ಥ. ಪ್ಲಾಸ್ಟಿಕ್ ಮೈಯಲ್ಲಿ ಬಿಸಿ ಒಳಗೇ ಉಳಿದು ಎಲ್‌ಇಡಿಯನ್ನೂ ಸೆಲ್ಲನ್ನೂ ಸುಡುತ್ತದೆ. ಒಳ್ಳೆಯ ಟಾರ್ಚ್‌ಗಳು ಬಿಸಿಯಾದಾಗ ತಾವೇ ಬೆಳಕು ಇಳಿಸಿಕೊಳ್ಳುತ್ತವೆ. ಅದು ದೋಷ ಅಲ್ಲ.

ಉರಿಯುವ ಸಮಯದ ವಿಷಯದಲ್ಲೂ ಒಂದು ಎಚ್ಚರ ಬೇಕು. ಎಫ್‌ಎಲ್ 1 ಪ್ರಕಾರ, ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವ ತನಕದ ಸಮಯವನ್ನು ಬರೆಯುತ್ತಾರೆ. 500 ಲ್ಯೂಮೆನ್, 8 ಗಂಟೆ ಎಂದಿದ್ದರೆ ಎಂಟೂ ಗಂಟೆ 500 ಇರುತ್ತದೆ ಎಂದಲ್ಲ. ಕೊನೆಗೆ 50ಕ್ಕೆ ಬಂದಿರಬಹುದು. ಆದ್ದರಿಂದ ಜಾಸ್ತಿ, ಮಧ್ಯಮ, ಕಡಿಮೆ ಎಂದು ಮೂರು ಹಂತ ಇರುವ ಟಾರ್ಚ್ ಒಳ್ಳೆಯದು. ನಡೆಯುವಾಗ ಕಡಿಮೆ, ಬೇಕಾದಾಗ ಜಾಸ್ತಿ. ಆದರೆ ಒತ್ತಿದಾಗಲೆಲ್ಲ ಮಿಣುಕು, ಎಸ್‌ಒಎಸ್ (ಅಪಾಯದ ಸಂಕೇತ) ಎಲ್ಲ ದಾಟಿ ಬರಬೇಕಾದ ಸ್ವಿಚ್ಚು ತಲೆನೋವು. ಪೊದೆಯಲ್ಲಿ ಸರಸರ ಸದ್ದಾದಾಗ ಟಾರ್ಚ್ ಮಿಣುಕು ಮಿಣುಕು ಅಂದರೆ ಏನು ಪ್ರಯೋಜನ?

ನೀರಿಗೆ ಐಪಿ ಸಂಖ್ಯೆ ನೋಡಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಎರಡನೆಯದು 4 ಇದ್ದರೆ ಮಳೆ ಹನಿ ತಡೆಯುತ್ತದೆ. 7 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಬದುಕುತ್ತದೆ. ಕಾಲುವೆಯಲ್ಲಿ, ತೊಟ್ಟಿಯಲ್ಲಿ ಟಾರ್ಚ್ ಬೀಳುವುದು ಅಪರೂಪವೇನಲ್ಲ. ಮುಚ್ಚಳ ತಿರುಗಿಸಿದಾಗ ರಬ್ಬರ್ ಉಂಗುರ ಇದೆಯಾ ನೋಡಿ. ವರ್ಷಕ್ಕೊಮ್ಮೆ ಅದಕ್ಕೆ ಒಂಚೂರು ಸಿಲಿಕೋನ್ ಗ್ರೀಸ್ ಸವರಿದರೆ ಸೀಳುವುದಿಲ್ಲ.

ಎರಡೂ ಕೈ ಬೇಕಾದ ಕೆಲಸಕ್ಕೆ ತಲೆಗೆ ಕಟ್ಟುವ ಟಾರ್ಚ್ ತನ್ನಿ. ಕೆಜಿಎಫ್‌ನ ಗಣಿ 2001ರಲ್ಲಿ ಮುಚ್ಚುವ ತನಕ ಅಲ್ಲಿ ಕೆಳಗಿಳಿಯುತ್ತಿದ್ದವರಿಗೆ ದೀಪ ಇರುತ್ತಿದ್ದದ್ದು ಟೋಪಿಯ ಮುಂದೆಯೇ. ಸ್ಟಾರ್ಟರ್‌ನ ಫ್ಯೂಸ್ ಹಾಕುವಾಗ ಬಾಯಲ್ಲಿ ಟಾರ್ಚ್ ಕಚ್ಚಿ ನಿಲ್ಲುವುದು, ಪಕ್ಕದವನಿಗೆ "ಇಲ್ಲಿ ಹಿಡಿಯಪ್ಪ, ಇಲ್ಲಿ" ಅನ್ನುವುದು ತಪ್ಪುತ್ತದೆ. ಹಾಲು ಕರೆಯುವವರಿಗೆ, ಸೊಪ್ಪು ಹಾಕುವವರಿಗೆ, ಕ್ರೇಟ್ ಹೊರುವವರಿಗೆ ಇದೇ ಅನುಕೂಲ. 100ರಿಂದ 200 ಲ್ಯೂಮೆನ್ ಸಾಕು.

ಅಂಗಡಿಯಲ್ಲಿ ಏನು ನೋಡಬೇಕು?

ಬಸ್ ಸ್ಟ್ಯಾಂಡ್ ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯೋ, ಆನ್‌ಲೈನೋ, ಅಲ್ಯೂಮಿನಿಯಂ ಮೈ, ಬಿಚ್ಚುವ 18650 ಸೆಲ್, ಯುಎಸ್‌ಬಿ ಚಾರ್ಜ್ ಇರುವ ಸರಿಯಾದ ಟಾರ್ಚ್ ಸುಮಾರು 800ರಿಂದ 1,500 ರೂಪಾಯಿಗೆ ಸಿಗುತ್ತದೆ. ಎಫ್‌ಎಲ್ 1 ಅಳತೆ ಹಾಕಿರುವ ಕಂಪನಿಗಳದ್ದು ಎರಡು ಸಾವಿರ ದಾಟುತ್ತದೆ. ದಿನಾ ರಾತ್ರಿ ಹೊಲಕ್ಕೆ ಹೋಗುವವರು ಅಷ್ಟು ಕೊಟ್ಟರೆ ತಪ್ಪಿಲ್ಲ. ವಾರಕ್ಕೊಮ್ಮೆ ಹೋಗುವವರಿಗೆ ಸಾವಿರದ ಒಳಗಿನದು ಸಾಕು.

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಗೋಡೆಗೆ ಹೊಡೆದು ನೋಡಿದರೆ ಕಿರಿದಾದ ಬೆಳಕಿನ ಟಾರ್ಚೇ ಗೆಲ್ಲುತ್ತದೆ, ಕಣ್ಣು ಆ ಹೊಳೆಯುವ ಚುಕ್ಕೆಗೇ ಮೋಸ ಹೋಗುತ್ತದೆ. ಹಿಂದಿನ ಗೋಡೌನ್ ಕಡೆ ಹೋಗಿ ಎರಡು ಟಾರ್ಚನ್ನು ಒಂದೊಂದಾಗಿ ಮಾಳಿಗೆಗೆ ಹೊಡೆಯಿರಿ. ಕೋಣೆ ಒಟ್ಟಾರೆ ಯಾವುದರಲ್ಲಿ ಜಾಸ್ತಿ ಬೆಳಗುತ್ತದೋ ಅದರ ಲ್ಯೂಮೆನ್ ಜಾಸ್ತಿ. ಆಮೇಲೆ ಪಾದದ ಮುಂದೆ ನೆಲಕ್ಕೆ ಹೊಡೆದು ಎಷ್ಟು ಅಗಲ ಕಾಣುತ್ತದೆ ನೋಡಿ. ಮಧ್ಯಮ ಹಂತದಲ್ಲಿ ಹತ್ತು ನಿಮಿಷ ಉರಿಯಲು ಬಿಟ್ಟು, ಅಷ್ಟರಲ್ಲಿ ಬೆಲೆ ಮಾತಾಡಿ. ಬೆಳಕು ಅರ್ಧಕ್ಕೆ ಬಿದ್ದರೆ ಅಥವಾ ಬಣ್ಣ ತಿರುಗಿದರೆ ವಾಪಸ್ ಕೊಡಿ. ಎಷ್ಟು ಎಲ್‌ಇಡಿ ಇವೆ ಎಂದು ಎಣಿಸಬೇಡಿ, ಒಂದು ಒಳ್ಳೆ ಎಲ್‌ಇಡಿ ಮುಂದೆ ಹತ್ತು ಸಣ್ಣವು ನಿಲ್ಲುವುದಿಲ್ಲ. ಬಿಲ್ ಕೇಳಿ ತೆಗೆದುಕೊಳ್ಳಿ, ವಾರಂಟಿ ಬೇಕಾಗುವುದು ಆಗಲೇ.

ಮನೆಗೆ ತಂದ ಮೇಲೆ ಪೂರ್ತಿ ಖಾಲಿ ಆಗುವ ತನಕ ಕಾಯದೆ ಚಾರ್ಜ್ ಹಾಕುತ್ತಿರಿ. ಲಿಥಿಯಂಗೆ ಅದೇ ಒಳ್ಳೆಯದು. ಹಾಸಿಗೆ, ಹುಲ್ಲು, ಗೋಣಿಚೀಲದ ಮೇಲಿಟ್ಟು ಚಾರ್ಜ್ ಮಾಡಬೇಡಿ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್‌ನಲ್ಲೋ ಟ್ರ್ಯಾಕ್ಟರ್ ಮೇಲೋ ಬಿಡಬೇಡಿ. ಉಬ್ಬಿದ, ಸೀಳಿದ, ಸೋರುವ ಸೆಲ್ ಕಂಡರೆ ಮತ್ತೆ ಚಾರ್ಜ್‌ಗೆ ಹಾಕಲೇಬೇಡಿ. ಅದರ ಎರಡೂ ತುದಿಗೆ ಟೇಪ್ ಅಂಟಿಸಿ ಎತ್ತಿಡಿ, ಪೇಟೆಗೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ತಿಪ್ಪೆಗೆ ಎಸೆದರೆ ಕಸಕ್ಕೆ ಬೆಂಕಿ ಹಚ್ಚಿದ ದಿನ ಸಿಡಿಯುತ್ತದೆ. ಸಿಡಿಯದಿದ್ದರೂ ಒಳಗಿನ ರಾಸಾಯನಿಕ ಗೊಬ್ಬರದ ಜೊತೆ ಹೊಲಕ್ಕೇ ಹೋಗುತ್ತದೆ. ಬಳಸಿದ ಬ್ಯಾಟರಿಗಳನ್ನು ವಾಪಸ್ ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೇ ಹಾಕಿವೆ. ಹಾಗಾಗಿ ಹೊಸ ಸೆಲ್ ಕೊಳ್ಳುವಾಗಲೇ ಹಳೆಯದನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಕೇಳಿ.